ತಂತಿ ನುಂಗಿದ ದನಿ

ನಾನು ಈಗ ಆಡುತ್ತಿರುವ ಮಾತು ಧಾರವಾಡದ ಸ್ಟುಡಿಯೋದ ಮೈಕಿನೊಳಗೆ ಹೊಕ್ಕು, ಪ್ರೇಷಕದ ಕಂಬ ಹತ್ತಿ, 765 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಹೊರಟು, ಹಾವೇರಿ ದಾಟಿ ಹಿರೇಕೆರೂರಿನ ನಿಮ್ಮ ಪಡಸಾಲೆಯ ರೇಡಿಯೋಕ್ಕೆ ಬಂದು ಸೇರುವಷ್ಟರಲ್ಲಿ ತನ್ನ ಮೈಯ ಒಂದು ಭಾಗವನ್ನು ಕಳೆದುಕೊಂಡಿರುತ್ತದೆ. ಎಳೆಯರ ಕಿವಿ ಸೆಕೆಂಡಿಗೆ 20 ಕಂಪನದಿಂದ ಹಿಡಿದು 20 ಸಾವಿರ ಕಂಪನದವರೆಗೆ ಕೇಳಬಲ್ಲದು. ಮಧ್ಯಮ ತರಂಗದಲ್ಲಿ ನಿಲಯ ನಿಲಯಗಳ ನಡುವೆ ಬಿಟ್ಟಿರುವ ಜಾಗ 9 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 9 ಸಾವಿರ ಕಂಪನ, ಮಾತ್ರ. ಅದನ್ನು ಎರಡೂ ಬದಿಗೆ ಹಂಚಬೇಕಾಗಿ, ಒಂದೊಂದು ನಿಲಯದ ದನಿಗೆ ನಾಲ್ಕೂವರೆ, ಐದು ಸಾವಿರ ಕಂಪನಕ್ಕಿಂತ ಮೇಲೆ ಹೋಗಲು ದಾರಿಯಿಲ್ಲ. 'ಸ' ಅಕ್ಷರದ ಸೀಟಿಯ ಕಸುವಿನ ಹೆಚ್ಚಿನ ಪಾಲು ಇರುವುದು ಐದು ಸಾವಿರದ ಮೇಲೆ. ನಾನು 'ಸಾಲ' ಅಂದರೆ ನಿಮಗೆ ಸಾಲ ಎಂದೇ ಕೇಳುತ್ತದಲ್ಲ, ಅದರಲ್ಲಿ ಅರ್ಧ ನನ್ನ ಬಾಯಿಂದ ಬಂದದ್ದು, ಉಳಿದರ್ಧ ನಿಮ್ಮ ಕಿವಿ ರೂಢಿಯ ಬಲದಿಂದ ತುಂಬಿಕೊಂಡದ್ದು.

ದಾರಿಯಲ್ಲಿ ಹೀಗೆ ಕಳೆದುಹೋದ ದನಿಯನ್ನು ಆದಷ್ಟು ಮರಳಿ ತರಲು ಹುಟ್ಟಿದ ಪೆಟ್ಟಿಗೆಗೆ ಈಕ್ವಲೈಸರ್ ಎನ್ನುತ್ತಾರೆ. ಧ್ವನಿಮುದ್ರಣ ಸ್ಟುಡಿಯೋಗಳಲ್ಲಿ ಐವತ್ತು, ಅರವತ್ತು, ಎಪ್ಪತ್ತು ವರ್ಷದ ಹಿಂದೆ ಬಳಸಿದ ಹಳೆಯ ಈಕ್ವಲೈಸರುಗಳಿಗೆ ಇವತ್ತು ಜಗತ್ತಿನಾದ್ಯಂತ ಬಹಳ ಬೇಡಿಕೆಯಿದೆ. ಲಕ್ಷಗಟ್ಟಲೆ ರೂಪಾಯಿ ಕೊಟ್ಟು ಕೊಳ್ಳುವವರಿದ್ದಾರೆ. ನಮ್ಮ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಅಂಥ ಪೆಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರ ತಮ್ಮ ನಮಗೆಲ್ಲ ಗೊತ್ತಿರುವವನೇ. ದುರ್ಗಾದೇವಿ ಜಾತ್ರೆಯ ಪೆಂಡಾಲಿನ ಹಿಂದೆ ಮೈಕ್‌ಸೆಟ್ಟಿನ ಹುಡುಗ ಕೂತಿರುತ್ತಾನಲ್ಲ, ಅವನ ಮುಂದಿನ ಆಂಪ್ಲಿಫೈಯರಿನಲ್ಲಿ ಬೇಸ್, ಟ್ರೆಬಲ್ ಎಂದು ಎರಡು ಗುಂಡಿ ಇರುತ್ತವಲ್ಲ, ಅದೇ. ಮನೆತನ ಒಂದೇ, ಆಸ್ತಿ ಬೇರೆ ಬೇರೆ.

ಈ ಮನೆತನದ ಮೂಲಪುರುಷ ಸಂಗೀತದವನಲ್ಲ, ಟೆಲಿಫೋನಿನವನು. ತಾಮ್ರದ ತಂತಿ ಉದ್ದವಾದಷ್ಟೂ ಎತ್ತರದ ಸ್ವರಗಳನ್ನು ಹೆಚ್ಚು ನುಂಗುತ್ತದೆ. ಜೋಡಿ ತಂತಿಗಳು ಅಕ್ಕಪಕ್ಕದಲ್ಲೇ ಹಾಸಿಕೊಂಡು ಹೋಗುವುದರಿಂದ ಅವೆರಡೂ ಸೇರಿ ಮೈಲುದ್ದದ ಒಂದು ಕಂಡೆನ್ಸರಿನ ಹಾಗೆ ವರ್ತಿಸುತ್ತವೆ. ಬೇಗ ಬೇಗ ಅದುರುವ ಸ್ವರಗಳು ಒಂದು ತಂತಿಯಿಂದ ಇನ್ನೊಂದಕ್ಕೆ ಸೋರಿ ಅಲ್ಲೇ ಮುಗಿದುಹೋಗುತ್ತವೆ. ಆ ತುದಿಯಲ್ಲಿ ಸ್ಪಷ್ಟವಾಗಿ ಮಾತಾಡಿದವನ ದನಿ ಈ ತುದಿಗೆ ಕಂಬಳಿ ಹೊದ್ದುಕೊಂಡು ಬರುತ್ತದೆ. ಇಂಜಿನಿಯರುಗಳು ಏನು ಮಾಡಿದರು? ನುಂಗಿಹೋದ ಎತ್ತರದ ಸ್ವರವನ್ನು ಹೊಸದಾಗಿ ತಯಾರಿಸಲು ಅವರಿಂದ ಆಗುತ್ತಿರಲಿಲ್ಲ. ತಂತಿಯ ಕೊನೆಗೆ ಸುರುಳಿ ಮತ್ತು ಕಂಡೆನ್ಸರಿನ ಒಂದು ಜಾಲ ಕೂರಿಸಿ, ಉಳಿದುಬಂದಿದ್ದ ತಗ್ಗಿನ ಸ್ವರವನ್ನೂ ಅಷ್ಟೇ ಪ್ರಮಾಣದಲ್ಲಿ ಕುಗ್ಗಿಸಿದರು. ಎಲ್ಲವೂ ಸಮಸಮ ಬಡವಾದ ಮೇಲೆ ಒಟ್ಟಾರೆ ದನಿಯನ್ನು ಆಂಪ್ಲಿಫೈಯರಿನಿಂದ ಎತ್ತಿದರು. ಬಾನುಲಿ ಬಂದಾಗ ಇದೇ ವಿದ್ಯೆ ಸ್ಟುಡಿಯೋದಿಂದ ಊರ ಹೊರಗಿನ ಪ್ರೇಷಕಕ್ಕೆ ಹೋಗುವ ತಂತಿಗಳಿಗೂ ಅನ್ವಯವಾಯಿತು. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಆರಂಭವಾದ ಕಾಲಕ್ಕೆ ಜಗತ್ತಿನ ಬಾನುಲಿಗಳಿಗೆ ಇದು ದಿನನಿತ್ಯದ ಪಾಠವಾಗಿತ್ತು.

ನಂತರದ ಮನೆ ಸಿನಿಮಾ. ಅಮೆರಿಕದ ಆರ್‌ಸಿಎ ಕಂಪನಿಯ ಜಾನ್ ವೋಲ್ಕ್‌ಮನ್ ಎಂಬ ಇಂಜಿನಿಯರ್ 1930ರ ದಶಕದಲ್ಲಿ ಚಿತ್ರಮಂದಿರದ ದನಿ ತಿದ್ದಲು ಹೆಚ್ಚುಕಡಿಮೆ ಮಾಡಬಹುದಾದ ಈಕ್ವಲೈಸರನ್ನು ಬಳಸಿದವರಲ್ಲಿ ಮೊದಲಿಗರು ಎನ್ನುತ್ತಾರೆ. ಆಗ ಸಿನಿಮಾದ ದನಿ ಇರುತ್ತಿದ್ದದ್ದು ಫಿಲ್ಮಿನ ಅಂಚಿನಲ್ಲಿ, ಬೆಳಕಿನ ಗೆರೆಯಾಗಿ. ಅದರಲ್ಲಿ ಚರಚರ ಗದ್ದಲ ಬಹಳ. 1938ರಲ್ಲಿ ಹಾಲಿವುಡ್ಡಿನ ಅಕಾಡೆಮಿ ಒಂದು ಕಟ್ಟಳೆ ಮಾಡಿತು. ಚಿತ್ರಮಂದಿರದಲ್ಲಿ ಎತ್ತರದ ಸ್ವರಗಳನ್ನು ಉದ್ದೇಶಪೂರ್ವಕವಾಗಿ ಇಳಿಸಬೇಕು, 5 ಸಾವಿರ ಹರ್ಟ್ಸ್‌ನಲ್ಲಿ 10 ಡೆಸಿಬೆಲ್, 8 ಸಾವಿರದಲ್ಲಿ 18 ಡೆಸಿಬೆಲ್. ಗದ್ದಲ ಅಡಗಿತು, ಜೊತೆಗೆ ಮಾತಿನ ಅಂಚೂ ಮೊಂಡಾಯಿತು. ಅದನ್ನು ಸರಿದೂಗಿಸಲು ಸ್ಟುಡಿಯೋದವರು ಮುದ್ರಣದಲ್ಲೇ ಎತ್ತರದ ಸ್ವರಕ್ಕೆ ಒತ್ತು ಕೊಡತೊಡಗಿದರು. ಹಳೆಯ ಕನ್ನಡ ಚಿತ್ರಗಳ ಹೆಸರು ತೋರಿಸುವಾಗ ಆರ್‌ಸಿಎ ಅಂತಲೋ ವೆಸ್ಟ್ರೆಕ್ಸ್ ಅಂತಲೋ ಕಾಣಿಸುತ್ತಿದ್ದದ್ದು ನೆನಪಿರಬಹುದು. ಅವು ಈ ಧ್ವನಿಮುದ್ರಣ ಯಂತ್ರಗಳ ಹೆಸರು. ಮದ್ರಾಸಿನ ಸ್ಟುಡಿಯೋದಲ್ಲಿ ನಟ ಮೆಲ್ಲಗೆ ಆಡಿದ ಮಾತು ನಮ್ಮ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಹಿಂದಿನ ಸಾಲಿನವನಿಗೂ ಕೇಳಿಸಿದ್ದರೆ ಅದಕ್ಕೆ ನಟನ ನಾಲಿಗೆಯಷ್ಟೇ ಈ ಹುನ್ನಾರವೂ ಕಾರಣ.

ಈಗ ಹಾಡಿನ ಸ್ಟುಡಿಯೋಕ್ಕೆ ಬರೋಣ. ಹಳೆಯ ಈಕ್ವಲೈಸರ್ ಎಂದರೆ ಬಲ್ಲವರ ಬಾಯಲ್ಲಿ ಮೊದಲು ಬರುವ ಹೆಸರು ಪುಲ್ಟೆಕ್. 1950ರ ದಶಕದ ಆರಂಭದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪಲ್ಸ್ ಟೆಕ್ನೀಕ್ಸ್ ಎಂಬ ಸಣ್ಣ ಕಂಪನಿ ಇದನ್ನು ತಯಾರಿಸಿತು. ಯೂಜೀನ್ ಶೆಂಕ್ ಅದರ ಜೀವಾಳ. ಒಳಗಿನ ಜಾಲದ ಮೂಲ ವಿನ್ಯಾಸ ಟೆಲಿಫೋನು ತಯಾರಕರಾದ ವೆಸ್ಟರ್ನ್ ಎಲೆಕ್ಟ್ರಿಕ್‌ನವರದು. ವೆಸ್ಟ್ರೆಕ್ಸ್ ಅದೇ ಕಂಪನಿಯ ಕೂಸು. ಅಂದರೆ ತಂತಿ, ಸಿನಿಮಾ, ಹಾಡು, ಮೂರೂ ಒಂದೇ ಬೇರಿಗೆ ಬಂದು ಸೇರುತ್ತವೆ. ಇಕ್ಯೂಪಿ-1ಎ ಎಂಬ ಅದರ ಪ್ರಸಿದ್ಧ ಮಾದರಿಯ ಮುಖದ ಮೇಲೆ ದೊಡ್ಡ ದೊಡ್ಡ ಗುಂಡಿಗಳು. ತಗ್ಗಿನ ಸ್ವರಕ್ಕೆ ನಾಲ್ಕೇ ಆಯ್ಕೆ: 20, 30, 60, 100 ಹರ್ಟ್ಸ್. ಎತ್ತರದ ಸ್ವರವನ್ನು ಏರಿಸಲು 3 ಸಾವಿರದಿಂದ 16 ಸಾವಿರದವರೆಗೆ ಏಳು ಜಾಗ. ನಡುವಿನ ಯಾವುದಾದರೂ ಅಂಕಿ ಬೇಕೆಂದರೆ ಸಿಗುವುದಿಲ್ಲ.

ಇದರ ಒಳಗುಟ್ಟು ಸೊಗಸಾಗಿದೆ. ಸುರುಳಿ, ಕಂಡೆನ್ಸರ್, ರೆಸಿಸ್ಟರ್ ಈ ಮೂರಕ್ಕೂ ದನಿಯನ್ನು ಹೆಚ್ಚಿಸುವ ಶಕ್ತಿಯೇ ಇಲ್ಲ. ಸುರುಳಿ ವೇಗದ ಕಂಪನಗಳಿಗೆ ಅಡ್ಡ ನಿಲ್ಲುತ್ತದೆ, ಕಂಡೆನ್ಸರ್ ನಿಧಾನದ ಕಂಪನಗಳಿಗೆ ಅಡ್ಡ ನಿಲ್ಲುತ್ತದೆ, ರೆಸಿಸ್ಟರ್ ಎಲ್ಲದಕ್ಕೂ ಸಮನಾಗಿ ಅಡ್ಡ. ಮೂವರೂ ತಡೆಯುವವರೇ. ಹಾಗಾದರೆ ಗುಂಡಿಯ ಮೇಲೆ 'ಏರಿಸು' ಎಂದು ಬರೆದಿದೆಯಲ್ಲ, ಅದು ಹೇಗೆ? ನಮ್ಮ ಹಿರೇಕೆರೂರು ಸೀಮೆಯಲ್ಲಿ ಕುಮುದ್ವತಿಗೆ ಕಟ್ಟಿದ ಮದಗ-ಮಾಸೂರು ಕೆರೆಯ ತೂಬನ್ನು ನೆನೆಸಿಕೊಳ್ಳಿ. ತೂಬು ಎತ್ತಿದವನು ನೀರು ಹುಟ್ಟಿಸುವುದಿಲ್ಲ, ಹಿಡಿದಿಟ್ಟಿದ್ದನ್ನು ಬಿಡುತ್ತಾನೆ. ಪುಲ್ಟೆಕ್ ಕೂಡ ಮೊದಲು ಬಂದ ದನಿಯನ್ನೆಲ್ಲ ಸುಮಾರು 16 ಡೆಸಿಬೆಲ್ ಕುಗ್ಗಿಸಿ ಹಿಡಿದಿಟ್ಟುಕೊಳ್ಳುತ್ತದೆ. ನೀವು 60 ಹರ್ಟ್ಸ್ ಏರಿಸಿದಾಗ ಆ ಭಾಗದ ತಡೆ ಸಡಿಲವಾಗುತ್ತದೆ, ಅಷ್ಟೇ. ಕೊನೆಗೆ ಒಂದು ವಾಲ್ವ್ ಆಂಪ್ಲಿಫೈಯರ್ ಇಡೀ ದನಿಯನ್ನು ಮೊದಲಿನ ಮಟ್ಟಕ್ಕೆ ಎತ್ತಿ ಹೊರಗೆ ಕಳಿಸುತ್ತದೆ. ಟೆಲಿಫೋನು ತಂತಿಯ ಕೊನೆಯಲ್ಲಿ ಮಾಡುತ್ತಿದ್ದ ಕೆಲಸವೇ ಇದು, ಈಗ ಕೈಗೆ ಗುಂಡಿ ಬಂದಿದೆ.

ಇನ್ನೊಂದು ಚಮತ್ಕಾರ ಕೇಳಿ. ಪುಲ್ಟೆಕ್‌ನಲ್ಲಿ ತಗ್ಗಿನ ಸ್ವರವನ್ನು ಏರಿಸುವ ಗುಂಡಿ ಬೇರೆ, ಇಳಿಸುವ ಗುಂಡಿ ಬೇರೆ. ಎರಡನ್ನೂ ಒಟ್ಟಿಗೇ ತಿರುಗಿಸಬಹುದು. ಹೊರನೋಟಕ್ಕೆ ಇದು ಹುಚ್ಚುತನ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರೆ ಉಳಿಯುವುದೇನು? ಆದರೆ ಒಳಗಿನ ಎರಡು ದಾರಿಗಳ ವಿಸ್ತಾರ ಒಂದೇ ಅಲ್ಲ. ಏರಿಸುವುದು ತೀರ ಕೆಳಗೆ ಕೆಲಸ ಮಾಡುತ್ತದೆ, ಇಳಿಸುವುದು ಅದಕ್ಕಿಂತ ಸ್ವಲ್ಪ ಮೇಲಿನವರೆಗೂ ಚಾಚಿಕೊಂಡಿರುತ್ತದೆ. ಫಲವಾಗಿ ತಳದ ಸ್ವರ ತುಂಬಿಕೊಳ್ಳುತ್ತದೆ, ಅದರ ಮೇಲಿನ ಕೆಲ ನೂರು ಹರ್ಟ್ಸ್‌ನ ರಾಡಿ ತಿಳಿಯಾಗುತ್ತದೆ. ತಬಲಾದ ಡಗ್ಗಾಕ್ಕೆ ಇದನ್ನು ಹಚ್ಚಿದರೆ ಹೊಡೆತದ ಗುಂಗು ಉಳಿದು ಕೊಡ ಬಾರಿಸಿದ ಸದ್ದು ಮಾಯವಾಗುತ್ತದೆ. ವಿನ್ಯಾಸಕರು ಇದನ್ನು ಬೇಕೆಂದೇ ಇಟ್ಟರೋ ತಾನಾಗಿ ಒದಗಿತೋ ಎಂಬ ವಾದ ಬಲ್ಲವರಲ್ಲಿ ಇದೆ. ನನಗೆ ಆ ವಾದದಲ್ಲಿ ಆಸಕ್ತಿಯಿಲ್ಲ. ಕಿವಿಗೆ ಒಪ್ಪಿದ್ದನ್ನು ಯಾರೋ ಕೈಯಾಡಿಸುತ್ತ ಕಂಡುಕೊಂಡರು, ಸಾಕು.

ಇಂಗ್ಲೆಂಡಿನ ರೂಪರ್ಟ್ ನೀವ್ ಅವರದು ಮತ್ತೊಂದು ಘರಾನಾ. ಅವರು 1926ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಅವರ ಕಂಪನಿ 1970ರಲ್ಲಿ ತಂದ 1073 ಎಂಬ ಪೆಟ್ಟಿಗೆಯಲ್ಲಿ ವಾಲ್ವ್ ಇಲ್ಲ, ಟ್ರಾನ್ಸಿಸ್ಟರ್ ಇದೆ. ಒಳಬರುವಲ್ಲಿ, ಹೊರಹೋಗುವಲ್ಲಿ ಭಾರವಾದ ಟ್ರಾನ್ಸ್‌ಫಾರ್ಮರುಗಳಿವೆ. ಕಬ್ಬಿಣದ ಆ ತಿರುಳು ಜೋರು ದನಿಗೆ ಕೊಂಚ ಮಣಿದು, ಮೂಲದಲ್ಲಿ ಇಲ್ಲದ ಕೆಲವು ಉಪಸ್ವರಗಳನ್ನು ಸೇರಿಸುತ್ತದೆ. ಶಾಸ್ತ್ರದ ಪ್ರಕಾರ ಅದು ದೋಷ. ಕೇಳಿದವರು ಅದಕ್ಕೆ 'ಬೆಚ್ಚಗಿನ ದನಿ' ಎಂದು ಹೆಸರಿಟ್ಟರು. 1972ರಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ಎಂಬವರು ಎಲ್ಲಿ, ಎಷ್ಟು, ಎಷ್ಟು ಅಗಲಕ್ಕೆ ಎಂಬ ಮೂರನ್ನೂ ಬೇಕಾದಂತೆ ಜಾರಿಸಬಹುದಾದ ಪ್ಯಾರಾಮೆಟ್ರಿಕ್ ಈಕ್ವಲೈಸರಿನ ಪ್ರಬಂಧ ಮಂಡಿಸಿದರು. ಅಲ್ಲಿಂದ ಮುಂದೆ ನಾಲ್ಕು ಆಯ್ಕೆಯ ಕಾಲ ಮುಗಿದು ಸಾವಿರ ಆಯ್ಕೆಯ ಕಾಲ ಬಂತು. ಇತ್ತ ನಮ್ಮಲ್ಲಿ, ಕನ್ನಡ ಚಿತ್ರಗೀತೆಗಳ ಮುದ್ರಣಕ್ಕೆ ಮದ್ರಾಸಿನ ದಾರಿ ಹಿಡಿಯುತ್ತಿದ್ದ ಕಾಲವೂ ನಿಧಾನಕ್ಕೆ ಬದಲಾಯಿತು. ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆ ಬದಲಾವಣೆಯ ದೊಡ್ಡ ಹೆಜ್ಜೆ.

ಯಂತ್ರದ ಮಾತು ಇಷ್ಟು ಸಾಕು. ನನಗೆ ನಿಜವಾಗಿ ಹೇಳಬೇಕಿರುವುದು ಕಂಠದ ವಿಷಯ. ನಮ್ಮ ಸೀಮೆಗೆ ಅದರ ಹಕ್ಕಿದೆ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ ಕಾಡಶೆಟ್ಟಿಹಳ್ಳಿ ಹಾನಗಲ್ಲು ತಾಲ್ಲೂಕಿನದು. ಪುಟ್ಟರಾಜ ಗವಾಯಿಗಳೂ ಅದೇ ತಾಲ್ಲೂಕಿನಲ್ಲಿ ಹುಟ್ಟಿದವರು. ಇನ್ನು ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡು ಲೋಕವೆಲ್ಲ ಸುತ್ತಿಸಿದವರು ಗಂಗೂಬಾಯಿ ಹಾನಗಲ್ಲ. ಅವರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ, ಕಲಿತದ್ದು ಕುಂದಗೋಳದ ಸವಾಯಿ ಗಂಧರ್ವರಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಆದರೂ ಹೆಸರು ಹಾನಗಲ್ಲಿನದು.

1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಗಂಗೂಬಾಯಿಯವರ ಹಾಡುಗಳನ್ನು ಅರಗಿನ ತಟ್ಟೆಗಳಲ್ಲಿ ಮುದ್ರಿಸಿತು. ಒಂದು ಬದಿಗೆ ಮೂರು ಮಿನಿಟು, ಅಷ್ಟರಲ್ಲಿ ರಾಗ ಮುಗಿಯಬೇಕು. ಆ ತಟ್ಟೆಗಳಲ್ಲಿ ಕೇಳುವುದು ಎತ್ತರದ, ಹಗುರಾದ, ಚುರುಕಾದ ಹೆಣ್ಣುದನಿ. ಮುಂದೆ ಗಂಟಲಿನ ತೊಂದರೆಯಾಗಿ, ಚಿಕಿತ್ಸೆಯಾಗಿ, ಕಂಠವೇ ಬದಲಾಯಿತು. ನಾವೆಲ್ಲ ಬಲ್ಲ ಗಂಗೂಬಾಯಿ, ಗಂಡಸರನ್ನೂ ತಲೆಯೆತ್ತಿ ನೋಡುವಂತೆ ಮಾಡಿದ ಆ ಗಂಭೀರ ಘನ ಕಂಠ, ಎರಡನೆಯದು. ಮೊದಲ ತಟ್ಟೆಗಳನ್ನು ಕೇಳಿದವರು ಇವರು ಅವರೇ ಹೌದೋ ಎಂದು ಲೇಬಲ್ ತಿರುವಿ ನೋಡುತ್ತಾರೆ.

ಈಗ ಒಬ್ಬ ಮುದ್ರಕನನ್ನು ಕಲ್ಪಿಸಿಕೊಳ್ಳಿ. ಅವನ ಕೈಗೆ 1930ರ ದಶಕದ ಗಂಗೂಬಾಯಿಯವರ ತಟ್ಟೆ ಬಂದಿದೆ. ಅವನ ಕಿವಿಯಲ್ಲಿರುವುದು ಎರಡನೆಯ ಕಂಠ. 'ಇದರಲ್ಲಿ ದನಿ ತೆಳ್ಳಗಾಗಿದೆ, ಹಳೆಯ ಯಂತ್ರ ತಗ್ಗಿನ ಸ್ವರ ತಿಂದುಹಾಕಿದೆ' ಎಂದು ಅವನು 100 ಹರ್ಟ್ಸ್ ಏರಿಸುತ್ತಾನೆ. ತಟ್ಟೆಯ ವೇಗವೇ ಹೆಚ್ಚಾಗಿದೆ ಎಂದು ಅದನ್ನೂ ಕೊಂಚ ಇಳಿಸುತ್ತಾನೆ. ಅಲ್ಲಿಗೆ ಒಬ್ಬ ಎಳೆಯ ಹುಡುಗಿಯ ಹಾಡು ಸತ್ತು, ಎಂದೂ ಇರದಿದ್ದ ಮೂರನೆಯ ಗಂಗೂಬಾಯಿ ಹುಟ್ಟುತ್ತಾರೆ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಪುಲ್ಟೆಕ್ಕೇ ಇರಲಿ, ಹಾಡಿದವರ ಬದುಕು ಗೊತ್ತಿಲ್ಲದ ಕೈಗೆ ಸಿಕ್ಕರೆ ಇಷ್ಟು ಅನಾಹುತ ಮಾಡಬಲ್ಲದು. ತಂತಿ ನುಂಗಿದ್ದು ಯಾವುದು, ಕಾಲ ಕೊಟ್ಟದ್ದು ಯಾವುದು, ಈ ಎರಡನ್ನು ಬೇರ್ಪಡಿಸಿ ಕೇಳುವುದೇ ಈಕ್ವಲೈಸರ್ ಮುಂದೆ ಕೂತವನ ಮೊದಲ ವಿದ್ಯೆ ಎಂದು ನನ್ನ ತಿಳಿವಳಿಕೆ. ಗಂಗೂಬಾಯಿಯವರ ತಮ್ಮದೇ ಆತ್ಮಕಥೆ 'ನನ್ನ ಬದುಕಿನ ಹಾಡು' ಕನ್ನಡದಲ್ಲೇ ಇದೆ. ಅವರ ತಟ್ಟೆಗೆ ಕೈ ಹಚ್ಚುವವರು ಮೊದಲು ಅದನ್ನು ಓದಲಿ.

ಹಾಗಂತ ಹಳೆಯ ತಟ್ಟೆಯಲ್ಲಿ ತಿದ್ದುವಂಥದ್ದೇನೂ ಇಲ್ಲವೆ? ಇದೆ, ಬಹಳ ಇದೆ. ತಟ್ಟೆಯ ಮೇಲೆ ತಗ್ಗಿನ ಸ್ವರ ಕೆತ್ತುವಾಗ ಸೂಜಿ ಎಡಕ್ಕೂ ಬಲಕ್ಕೂ ಬಹಳ ತೂಗುತ್ತದೆ, ಪಕ್ಕದ ಗೆರೆಯ ಗೋಡೆ ಒಡೆದೀತು. ಅದಕ್ಕಾಗಿ ಕೆತ್ತುವಾಗಲೇ ತಗ್ಗನ್ನು ಕಡಿಮೆ ಮಾಡಿ, ನುಡಿಸುವಾಗ ಅಷ್ಟೇ ಹೆಚ್ಚು ಮಾಡುತ್ತಾರೆ. ಎತ್ತರದ ಸ್ವರಕ್ಕೆ ಇದರ ಉಲ್ಟಾ: ಕೆತ್ತುವಾಗ ಹೆಚ್ಚಿಸಿ ನುಡಿಸುವಾಗ ಇಳಿಸಿದರೆ ತಟ್ಟೆಯ ಸರಸರ ಸದ್ದೂ ಅದರ ಜೊತೆಗೇ ಇಳಿಯುತ್ತದೆ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದಕ್ಕೆ 1954ರಲ್ಲಿ ಅಮೆರಿಕದ ತಟ್ಟೆ ತಯಾರಕರ ಸಂಘ ಒಂದು ನಿಯಮ ಮಾಡಿತು. ಅದಕ್ಕೆ ಆರ್‌ಐಎಎ ರೇಖೆ ಎನ್ನುತ್ತಾರೆ. ಒಂದು ಸಾವಿರ ಹರ್ಟ್ಸ್‌ಗೆ ಹೋಲಿಸಿದರೆ 20 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಇಳಿತ, 20 ಸಾವಿರದಲ್ಲಿ ಸುಮಾರು 20 ಡೆಸಿಬೆಲ್ ಏರಿಕೆ. ಎಲ್‌ಪಿ ನುಡಿಸುವಾಗ ಇದರ ತಿರುಗುಮುರುಗು ಪ್ಲೇಯರಿನಲ್ಲೋ ಅದಕ್ಕೆ ಜೋಡಿಸಿದ ಆಂಪ್ಲಿಫೈಯರಿನಲ್ಲೋ ಇರುತ್ತದೆ.

ಸಮಸ್ಯೆ ಏನೆಂದರೆ 1954ಕ್ಕೂ ಹಿಂದೆ ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ. ಎಚ್‌ಎಂವಿಯ ಹಳೆಯ 78 ವೇಗದ ತಟ್ಟೆಗಳಲ್ಲಿ ತಗ್ಗಿನ ಇಳಿತ ಶುರುವಾಗುತ್ತಿದ್ದದ್ದು ಸುಮಾರು 250 ಹರ್ಟ್ಸ್ ಕೆಳಗೆ. ಆರ್‌ಐಎಎದಲ್ಲಿ ಅದು 500. ಎತ್ತರದ ಸ್ವರವನ್ನಂತೂ ಎಚ್‌ಎಂವಿಯವರು ಕೆತ್ತುವಾಗ ಹೆಚ್ಚಿಸುತ್ತಲೇ ಇರಲಿಲ್ಲ. ಇಂಥ ತಟ್ಟೆಯನ್ನು ಇವತ್ತಿನ ಪ್ಲೇಯರಿಗೆ ಹಾಕಿದರೆ ಅದು ಏರಿಸದೇ ಇದ್ದದ್ದನ್ನು ಇಳಿಸುತ್ತದೆ. 10 ಸಾವಿರ ಹರ್ಟ್ಸ್‌ಗೆ ಹೋಗುವಷ್ಟರಲ್ಲಿ ಸುಮಾರು 14 ಡೆಸಿಬೆಲ್ ಕಡಿತ. ತಂಬೂರಿಯ ಜವಾರಿ ಇರುವುದೇ ಆ ಎತ್ತರದ ಉಪಸ್ವರಗಳಲ್ಲಿ. ಅದು ಹೋಯಿತು. ತಗ್ಗಿನಲ್ಲಿ ಬೇಡದ ಬೊಜ್ಜು ಬಂತು. ಕೇಳಿದವರು 'ಪಾಪ, ಆ ಕಾಲದಲ್ಲಿ ಮುದ್ರಣ ಚೆನ್ನಾಗಿರಲಿಲ್ಲ' ಅನ್ನುತ್ತಾರೆ. ಮಲ್ಲಿಕಾರ್ಜುನ ಮನಸೂರರ ಆರಂಭದ ತಟ್ಟೆಗಳಿಗೂ ಇದೇ ಗತಿ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಹಳೆಯ ಹಾಡುಗಳು ಮಂಕಾಗಿ ಕೇಳುವುದಕ್ಕೆ ಗಾಯಕರಾಗಲಿ, ಮೂಲ ಮುದ್ರಕರಾಗಲಿ ಕಾರಣರಲ್ಲ. ನಕಲು ತೆಗೆದವರು ಯಾವ ರೇಖೆ ಹಚ್ಚಬೇಕು ಎಂದು ಕೇಳಲೇ ಇಲ್ಲ.

ಇದು ತಿಳಿದ ಮೇಲೆ ನಮ್ಮ ಪೆಂಡಾಲಿಗೆ ಬರುವುದು ಸುಲಭ. ಜಾತ್ರೆಯ ಹಾರ್ನ್ ಸ್ಪೀಕರುಗಳು, ಮರದ ಕೊಂಬೆಗೂ ಕಂಬಕ್ಕೂ ಕಟ್ಟುತ್ತಾರಲ್ಲ, ಆ ತುತ್ತೂರಿಗಳು 200-300 ಹರ್ಟ್ಸ್ ಕೆಳಗಿನದನ್ನು ಹೊರಹಾಕುವುದೇ ಇಲ್ಲವೆನ್ನಬಹುದು. ಹಾರ್ಮೋನಿಯಂನ ಕರಿ ಒಂದಕ್ಕೆ ಗಂಡಸರು ಹಾಡುವಾಗ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ಮಂದ್ರ ಪಂಚಮ 104. ಎರಡೂ ಹಾರ್ನಿನ ಕೈಗೆ ಎಟುಕದ ಸ್ವರಗಳು. ಆದರೂ ಭಜನೆಯವರು ಮಂದ್ರಕ್ಕಿಳಿದಾಗ ನಮಗೆ ಮಂದ್ರವೇ ಕೇಳುತ್ತದೆ. ಇದು ಕಿವಿಯ ದೊಡ್ಡಸ್ತಿಕೆ. 139ರ ಸ್ವರದ ಜೊತೆಗೆ 278, 417, 556 ಹೀಗೆ ಅದರ ಮಕ್ಕಳು ಮೊಮ್ಮಕ್ಕಳೂ ಬರುತ್ತಿರುತ್ತವೆ. ಮೂಲಸ್ವರ ಬಾರದಿದ್ದರೂ ಉಳಿದವನ್ನು ನೋಡಿ 'ಇವರ ತಂದೆ 139' ಎಂದು ಮಿದುಳು ಲೆಕ್ಕ ಹಾಕಿಕೊಳ್ಳುತ್ತದೆ. ನಿಮ್ಮ ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ ಗಂಗೂಬಾಯಿಯವರ ಆ ಘನ ಕಂಠ ಕೇಳಿಸುವುದೂ ಹೀಗೆಯೇ. ತೂಕ ಬರುವುದಿಲ್ಲ, ಸ್ವರ ಬರುತ್ತದೆ.

ಹೀಗಿರುವಾಗ ಹಾರ್ನಿಗೆ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಆಗುವುದೇನು? ಹಾರ್ನ್ ಅದನ್ನು ಹೊರಗೆ ಬಿಡದು, ಆಂಪ್ಲಿಫೈಯರಿನ ಶಕ್ತಿ ಮಾತ್ರ ಸುಮ್ಮನೆ ಸುಡುತ್ತದೆ, ಒಳಗಿನ ತೆಳು ಪರದೆ ಹರಿಯಲೂಬಹುದು. ಬಾಕ್ಸ್ ಸ್ಪೀಕರಾದರೆ ಬೇರೆ ಕಾಟ. ನಮ್ಮ ಕರೆಂಟು 50 ಹರ್ಟ್ಸ್. ಅರ್ತಿಂಗ್ ಸರಿಯಿಲ್ಲದ ಕಡೆ 50, 100ರ ಗುಂಯ್ ಸದ್ದು ವೈರಿನೊಳಗೆ ಸೇರಿಕೊಳ್ಳುತ್ತದೆ. ಬೇಸ್ ಏರಿಸಿದವನು ಪುರಾಣಿಕರ ದನಿಯ ಜೊತೆ ಹೆಸ್ಕಾಂನ ದನಿಯನ್ನೂ ಏರಿಸಿದ ಹಾಗೆ. ಪುರಾಣ ಹಚ್ಚಿದ ಗುಡಿಯ ಮುಂದೆ ಈ ಸಂಭಾಷಣೆ ನೀವೂ ಕೇಳಿರುತ್ತೀರಿ:

"ತಮ್ಮಾ, ಬರೇ ಗುಮ್ ಗುಮ್ ಅಂತೈತಿ, ಮಾತ ತಿಳಿಯಂಗಿಲ್ಲ. ಸ್ವಲ್ಪ ಕಡಿಮಿ ಮಾಡೋ."

"ಬೇಸ್ ಇಲ್ಲಂದ್ರ ಮಜಾ ಬರಂಗಿಲ್ರೀ ಕಾಕಾ."

"ಮಜಾ ಬ್ಯಾಡಪ್ಪಾ, ಪುರಾಣ ಬೇಕು."

ಕಾಕಾ ಹೇಳಿದ್ದು ಸ್ಟುಡಿಯೋದ ನುರಿತ ಮುದ್ರಕರೂ ಹೇಳುವ ಮಾತೇ. ಮಾತು ತಿಳಿಯದಿದ್ದರೆ ಟ್ರೆಬಲ್ ಏರಿಸಬೇಡ, ಮೊದಲು ಬೇಸ್ ಇಳಿಸಿ ನೋಡು. ಹೆಚ್ಚಿನ ವ್ಯಂಜನಗಳು ಇರುವುದು ಎರಡರಿಂದ ಐದು ಸಾವಿರದ ಸುತ್ತ. ತಗ್ಗಿನ ಗದ್ದಲ ಸರಿದರೆ ಅವು ತಾವಾಗಿ ಮುಂದೆ ಬರುತ್ತವೆ. ಟ್ರೆಬಲ್ ಏರಿಸಿದರೆ ಮೈಕು ಕುಯ್ಯ್ ಎಂದು ಚೀರುವುದಷ್ಟೇ ಲಾಭ.

ಟೇಪ್ ರೆಕಾರ್ಡರಿನ ಕಾಲದಲ್ಲಿ ಮನೆಮನೆಗೂ ಐದು ಜಾರುಗುಂಡಿಯ ಈಕ್ವಲೈಸರ್ ಬಂತು. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಕಂಠದಲ್ಲಿ ಕೇಳುತ್ತ ಬೆಳೆದ ನಮ್ಮಲ್ಲಿ ಬಹುಮಂದಿ ಆ ಐದನ್ನೂ ಒಂದೇ ಥರ ಇಡುತ್ತಿದ್ದೆವು: ಎರಡು ತುದಿ ಮೇಲಕ್ಕೆ, ನಡುವಿನದು ಕೆಳಕ್ಕೆ. ನೋಡಲು ನಗುವ ಬಾಯಿ. ಅಂಗಡಿಯಲ್ಲಿ ಅರ್ಧ ಮಿನಿಟು ಕೇಳಿದವನಿಗೆ ಅದು ಅಬ್ಬರವಾಗಿ ಕೇಳುತ್ತದೆ. ಆದರೆ ನಡುವಿನ ಆ ಗುಂಡಿ ಒಂದು ಸಾವಿರ ಹರ್ಟ್ಸ್‌ನದು, ಮನುಷ್ಯನ ಮಾತಿರುವ ಜಾಗ. ಅದನ್ನು ತಗ್ಗಿಸಿದರೆ ತಾಳ ಝಣಝಣ, ಡೋಲು ದಬದಬ, ಶರೀಫಜ್ಜನ ಪದ ಮಾತ್ರ ಹಿಂದಿನ ಕೋಣೆಗೆ ಸರಿಯುತ್ತದೆ. ಶಿಗ್ಗಾಂವಿ ತಾಲ್ಲೂಕಿನವರೇ ಶರೀಫರ ಮಾತು ಕೇಳಿಸದ ಹಾಗೆ ಪದ ಕೇಳಿದ್ದು ವಿಚಿತ್ರವೇ ಸರಿ. ಟೇಪಿನ ಮಂಕುತನಕ್ಕೆ ಎಷ್ಟೋ ಸಲ ಕಾರಣ ಹೆಡ್ಡು ಓರೆಯಾಗಿರುವುದು. ಪಕ್ಕದ ಚಿಕ್ಕ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಯಾವ ಈಕ್ವಲೈಸರೂ ಕೊಡಲಾರದ ಬೆಳಕು ದನಿಗೆ ಬರುತ್ತಿತ್ತು. ರಿಪೇರಿಯವರಿಗೆ ಇದು ಗೊತ್ತಿತ್ತು, ನಾವು ಜಾರುಗುಂಡಿಯನ್ನೇ ನಂಬಿದ್ದೆವು.

ಇವತ್ತು ಪುಲ್ಟೆಕ್, ನೀವ್ ಎರಡೂ ಕಂಪ್ಯೂಟರಿನೊಳಗೆ ಬಂದಿವೆ. ಪರದೆಯ ಮೇಲೆ ಅದೇ ಬಣ್ಣ, ಅದೇ ಗುಂಡಿಯ ಚಿತ್ರ. ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಹಾವೇರಿಯ ಹುಡುಗನೊಬ್ಬ ಮನೆಯಲ್ಲೇ ಕೂತು ಅದನ್ನು ಬಳಸಬಹುದು. ಮೂಲಪೆಟ್ಟಿಗೆಯ ಆರಾಧಕರು ಇದನ್ನು ಒಪ್ಪುವುದಿಲ್ಲ. ನನಗೆ ಅವರ ಪಂಥದ ದೀಕ್ಷೆಯಿಲ್ಲ. ಎಪ್ಪತ್ತು ವರ್ಷದ ಪೆಟ್ಟಿಗೆಯಲ್ಲಿ ಕಂಡೆನ್ಸರು ಒಣಗಿರುತ್ತದೆ, ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತದೆ, ಒಂದರ ಹಾಗೆ ಇನ್ನೊಂದು ಕೇಳುವುದಿಲ್ಲ. ಆದರೆ ಒಂದು ವಿಷಯದಲ್ಲಿ ಹಳೆಯದರ ಕಡೆಗೆ ನಾನು ವಾಲುತ್ತೇನೆ. ಅದಕ್ಕೆ ಪರದೆಯಿಲ್ಲ. ಈಗಿನ ಈಕ್ವಲೈಸರುಗಳು ದನಿಯ ನಕ್ಷೆ ಬರೆದು ತೋರಿಸುತ್ತವೆ. ಉಬ್ಬು ಕಂಡ ಕಡೆ ಕೈ ತಾನಾಗಿ ಹೋಗಿ ಕತ್ತರಿಸುತ್ತದೆ. ಹಾಡುಗಾರನ ಗುರುತೇ ಆ ಉಬ್ಬಾಗಿದ್ದರೆ? ಹಳೆಯ ಪೆಟ್ಟಿಗೆ ಕಣ್ಣಿಗೆ ಏನೂ ತೋರಿಸದೆ, ನಾಲ್ಕೇ ಆಯ್ಕೆ ಕೊಟ್ಟು, ಕೇಳಿ ಹೇಳು ಎನ್ನುತ್ತಿತ್ತು.

ಕೊನೆಗೆ ಒಂದು ವಿನಂತಿ, ವಿಶೇಷವಾಗಿ ಹಾನಗಲ್ಲು, ಹಿರೇಕೆರೂರು ಕಡೆಯ ಹಳೆಯ ಮನೆಗಳವರಿಗೆ. ಅಟ್ಟದ ಮೇಲೆ, ದೊಡ್ಡ ಪೆಟ್ಟಿಗೆಯ ತಳದಲ್ಲಿ 78ರ ತಟ್ಟೆಗಳಿದ್ದರೆ ಹೊರಗೆ ಹಾಕಬೇಡಿ. ಅರಗಿನ ತಟ್ಟೆ ಬಿದ್ದರೆ ಒಡೆಯುತ್ತದೆ, ಒಂದರ ಮೇಲೊಂದು ಮಲಗಿಸಿದರೆ ಭಾರಕ್ಕೆ ಬಿರಿಯುತ್ತದೆ. ನೆಟ್ಟಗೆ ನಿಲ್ಲಿಸಿ ಇಡಿ. ನಕಲು ತೆಗೆಸುವುದಾದರೆ ತೆಗೆಯುವವರನ್ನು ಎರಡು ಮಾತು ಕೇಳಿ. ಒಂದು, ಸೂಜಿ ಯಾವುದು? 78ರ ಗೆರೆ ಅಗಲ, ಅದಕ್ಕೆ ಎಲ್‌ಪಿ ಸೂಜಿಯ ಮೂರರಷ್ಟು ದಪ್ಪದ ತುದಿ ಬೇಕು. ತೆಳುಸೂಜಿ ಗೆರೆಯ ತಳಕ್ಕೆ ಬಿದ್ದು ಬರೀ ಕಸದ ಸದ್ದು ಕೆರೆದು ತರುತ್ತದೆ. ಎರಡು, ಈಕ್ವಲೈಸರ್ ಹಚ್ಚುತ್ತೀರಾ? ಮೊದಲ ನಕಲಿಗೆ ಏನನ್ನೂ ಹಚ್ಚಬೇಡಿ, ಸೂಜಿಗೆ ಸಿಕ್ಕದ್ದು ಸಿಕ್ಕಂತೆ ಇರಲಿ ಎಂದು ಹೇಳಿ. ಅದು ಕೇಳಲು ತೆಳ್ಳಗಿರುತ್ತದೆ, ಸರಸರ ಎನ್ನುತ್ತದೆ, ಇರಲಿ. ಅದನ್ನು ಹಾಗೇ ಎತ್ತಿಟ್ಟು, ಅದರದೊಂದು ಪ್ರತಿಗೆ ರೇಖೆ ಹಚ್ಚಲಿ. ಲೇಬಲ್ಲಿನ ಎರಡೂ ಬದಿಯ ಚಿತ್ರ ತೆಗೆದು, ತಟ್ಟೆಯ ನಡುವಿನ ನುಣುಪು ಜಾಗದಲ್ಲಿ ಒತ್ತಿರುವ ಚಿಕ್ಕ ಅಂಕಿಗಳನ್ನೂ ಬರೆದಿಡಿ. ಆ ತಟ್ಟೆ ಯಾವ ಕಾಲದ್ದು, ಅದಕ್ಕೆ ಯಾವ ರೇಖೆ ಸರಿ ಎಂಬುದನ್ನು ಮುಂದೆ ಹುಡುಕುವವರು ಅಲ್ಲಿಂದಲೇ ಶುರು ಮಾಡುತ್ತಾರೆ.